ಬಣ್ಣ ಹಾರಿದ ಮೀಟರ್‌ಬೋರ್ಡ್: ಪೇಂಟ್ ಹೊಡೆಯುವುದೋ, ಹೊಸತೇ ಮಾಡಿಸುವುದೋ?

ಅಳಿವೆಬಾಗಿಲು · ಜೂನ್ 9

19 ಅಡಿಯ ಫೈಬರ್ ದೋಣಿ, 60 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಸ್ಟೇರಿಂಗ್ ಎದುರಿನ ಮೀಟರ್‌ಬೋರ್ಡ್ 560 ಮಿ.ಮೀ. ಅಗಲ, 240 ಎತ್ತರ, 4 ಮಿ.ಮೀ. ದಪ್ಪದ ಕಪ್ಪು ಪ್ಲಾಸ್ಟಿಕ್. ಕಪ್ಪು ಅನ್ನುವುದು ಹೆಸರಿಗೆ ಮಾತ್ರ. ಈಗ ಬೂದಿ ಬಣ್ಣ, ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದ ಹಾಗೆ ಪುಡಿ ಬರುತ್ತದೆ. ಆರು ಸ್ವಿಚ್‌ಗಳ ಕೆಳಗಿದ್ದ ಬಿಳಿ ಅಕ್ಷರ ಪೂರ್ತಿ ಅಳಿಸಿದೆ. ಮೀಟರ್‌ಗಳು ಐದು: 85 ಮಿ.ಮೀ.ನ ಆರ್‌ಪಿಎಂ ಒಂದು, 52 ಮಿ.ಮೀ.ನವು ನಾಲ್ಕು (ಪೆಟ್ರೋಲ್, ವೋಲ್ಟ್, ಟ್ರಿಮ್ ಅಂದರೆ ಎಂಜಿನ್ನಿನ ಓರೆ, ನೀರಿನ ಒತ್ತಡ). ಗಾಜು ಹಳದಿ ತಿರುಗಿದೆ, ಎರಡರ ಒಳಗೆ ಹಬೆ ಕಟ್ಟಿದೆ, ಕಿತ್ತಳೆ ಮುಳ್ಳುಗಳೆಲ್ಲ ಬಿಳಿಚಿವೆ.

ಮಳೆಗಾಲ, ಜುಲೈ 31ರವರೆಗೆ ಹೇಗೂ ದೋಣಿ ದಡದಲ್ಲೇ. ಒಂದು ಕಪ್ಪು ಸ್ಪ್ರೇ ಡಬ್ಬಿ ತಂದು ಹೊಡೆದರೆ ಸಾಕಲ್ವಾ?

ಉಪ್ಪುಗಾಳಿ · ಜೂನ್ 9

ಸಾಕು, ಗಣೇಶ ಚೌತಿಯವರೆಗೆ. ಆ ಪುಡಿಯ ಮೇಲೆ ಬಣ್ಣ ಹೊಡೆಯುವುದೂ ಒಂದೇ, ಹಿಟ್ಟಿನ ಮೇಲೆ ಹೊಡೆಯುವುದೂ ಒಂದೇ ಮಾರಾಯ್ರೆ.

ಬಣ್ಣಬಂಗಾರ · ಜೂನ್ 10

ಬಣ್ಣದ ಮಾತು ಆಮೇಲೆ. ಅದು ಯಾವ ಪ್ಲಾಸ್ಟಿಕ್ ಅಂತ ಮೊದಲು ಗೊತ್ತಾಗಬೇಕು. ಎಬಿಎಸ್, ಅಕ್ರಿಲಿಕ್, ಎಚ್‌ಡಿಪಿಇ ಮೂರೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಬೋರ್ಡಿನ ಹಿಂಬದಿ ಅಂಚಿನಿಂದ ಉಗುರಿನಷ್ಟು ಚೂರು ಕೆರೆದು ತೆಗೆಯಿರಿ. ಸಾದಾ ನೀರಿಗೆ ಹಾಕಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ. ಅದಕ್ಕೆ ಯಾವ ಪೇಂಟೂ ನೆಟ್ಟಗೆ ಹಿಡಿಯುವುದಿಲ್ಲ, ಆಸೆ ಬಿಡಿ. ಮುಳುಗಿದರೆ ಒಂದು ಲೀಟರ್ ನೀರಿಗೆ 150 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಹಾಕಿ. ಆ ಉಪ್ಪುನೀರಿನ ಸಾಂದ್ರತೆ 1.09ರ ಮೇಲೆ ಬರುತ್ತದೆ. ಎಬಿಎಸ್ 1.05ರ ಆಸುಪಾಸು, ಹಾಗಾಗಿ ತೇಲುತ್ತದೆ. ಅಕ್ರಿಲಿಕ್ 1.19, ಮುಳುಗುತ್ತದೆ. ಚೂರಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಉತ್ತರ ಸುಳ್ಳಾಗುತ್ತದೆ, ನೀರಿನೊಳಗೇ ಬೆರಳಿನಿಂದ ಉಜ್ಜಿ ಬಿಡಿ.

ಇನ್ನೂ ಅನುಮಾನ ಇದ್ದರೆ ಹಿಂಬದಿಯಲ್ಲಿ ಒಂದು ಹನಿ ಅಸಿಟೋನ್. ಎಬಿಎಸ್ ಕ್ಷಣದಲ್ಲಿ ಅಂಟಂಟಾಗುತ್ತದೆ. ಮುಂಬದಿಯಲ್ಲಿ ಮಾತ್ರ ಈ ಪರೀಕ್ಷೆ ಬೇಡ.

ಇನ್ನೊಂದು ಪ್ರಶ್ನೆ: ಹೊಳಪು ಬರಲಿ ಅಂತ ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ಯಾವತ್ತಾದರೂ ಹಚ್ಚಿದ್ದೀರಾ?

ಅಳಿವೆಬಾಗಿಲು · ಜೂನ್ 11

ಸಾದಾ ನೀರಿನಲ್ಲಿ ಮುಳುಗಿತು, ಉಪ್ಪುನೀರಿನಲ್ಲಿ ತೇಲಿತು, ಅಸಿಟೋನ್‌ಗೆ ಅಂಟಾಯಿತು. ಅಲ್ಲಿಗೆ ಎಬಿಎಸ್. ಪಾಲಿಶ್ ಪ್ರತಿ ಸೀಸನ್‌ಗೂ ಬೀಳುತ್ತಿತ್ತು. ಬೋರ್ಡ್ ಬಿಚ್ಚಿದಾಗ ಎರಡು ಮೂಲೆಯ ಸ್ಕ್ರೂ ತೂತಿನಿಂದ ಕೂದಲೆಳೆಯ ಬಿರುಕು ಹೊರಟಿದ್ದು ಕಂಡಿತು, ಒಂದೊಂದು 15 ಮಿ.ಮೀ. ಉದ್ದ.

ಬಣ್ಣಬಂಗಾರ · ಜೂನ್ 11

ಎಬಿಎಸ್ ಆದದ್ದು ಒಳ್ಳೆಯದೇ, ರಿಪೇರಿಗೆ ಬಗ್ಗುವ ಪ್ಲಾಸ್ಟಿಕ್ ಅದು. ಬಿಸಿಲಿಗೆ ಮೇಲಿನ ಪದರ ಮಾತ್ರ ಸತ್ತಿರುತ್ತದೆ, ಅಡಿಯಲ್ಲಿ ಮಾಲು ಗಟ್ಟಿಯೇ.

ಪಾಲಿಶ್ ಹಚ್ಚಿದ್ದು ದೊಡ್ಡ ತೊಂದರೆ. ಅದರಲ್ಲಿರುವ ಸಿಲಿಕೋನ್ ಮೇಲೆ ಬಣ್ಣ ನಿಲ್ಲದೆ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ಅದಕ್ಕೇ ತಿಕ್ಕುವ *ಮೊದಲು* ಸಿಲಿಕೋನ್ ತೆಗೆಯಬೇಕು. ಮೊದಲೇ ತಿಕ್ಕಿದರೆ ಪೇಪರಿನ ಗೀರುಗಳೊಳಗೆ ಅದನ್ನು ನೀವೇ ತುಂಬಿದಂತಾಗುತ್ತದೆ. ಪಾತ್ರೆ ತೊಳೆಯುವ ಸೋಪುನೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿ, ಗ್ಯಾರೇಜಿನವರು ಬಳಸುವ ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒರೆಸಿ. ಎರಡು ಬಟ್ಟೆ ಇರಲಿ, ಒಂದು ಒದ್ದೆ ಮಾಡಿ ಎಬ್ಬಿಸಲು, ಇನ್ನೊಂದು ಅದು ಆರುವ ಮುಂಚೆ ಎತ್ತಿಕೊಳ್ಳಲು. ಒಂದೇ ಬಟ್ಟೆಯಾದರೆ ಸಿಲಿಕೋನ್ ಅಲ್ಲಿಂದ ಇಲ್ಲಿಗೆ ಬರುತ್ತದೆ, ಅಷ್ಟೆ.

ಆಮೇಲೆ ಬಿರುಕು. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಸರಿಯಾಗಿ ಅಲ್ಲಿ 2 ಮಿ.ಮೀ. ಬಿಟ್‌ನಿಂದ ತೂತು ಹಾಕಿ, ಮುಂದೆ ಓಡುವುದು ನಿಲ್ಲುತ್ತದೆ. ಹಿಂಬದಿಯಿಂದ ಬಿರುಕನ್ನು ವಿ ಆಕಾರಕ್ಕೆ ಅರ್ಧ ದಪ್ಪ ಕೆರೆಯಿರಿ. ಬೋರ್ಡಿನದೇ ಸಿಪ್ಪೆ ಅಥವಾ ಬೇರೆ ಎಬಿಎಸ್ ಚೂರನ್ನು ಗಾಜಿನ ಶೀಶೆಯಲ್ಲಿ ಅಸಿಟೋನ್ ಜತೆ ಒಂದು ರಾತ್ರಿ ಬಿಟ್ಟರೆ ದೋಸೆಹಿಟ್ಟಿನ ಹದದ ಅಂಟಾಗುತ್ತದೆ. ಅದನ್ನು ತುಂಬಿ, ಮೇಲೆ 30 × 30 ಮಿ.ಮೀ.ನ ಎಬಿಎಸ್ ತುಂಡು ಕೂರಿಸಿ. 24 ಗಂಟೆ ಮುಟ್ಟಬೇಡಿ. ಒಳಗಿನ ಅಸಿಟೋನ್ ಪೂರ್ತಿ ಹೋಗುವ ಮೊದಲು ಬಣ್ಣ ಬಿದ್ದರೆ ಆ ಜಾಗ ಉಬ್ಬುತ್ತದೆ.

ತಿಕ್ಕುವುದು ವಾಟರ್ ಪೇಪರ್‌ನಲ್ಲಿ: 320, 400, ಕೊನೆಗೆ 600. ಪೇಪರ್‌ನಿಂದ ಇಳಿಯುವ ನೀರು ಬೂದಿ ಬಣ್ಣ ಬಿಟ್ಟು ಕಪ್ಪಗೆ ಬಂತೋ, ಸತ್ತ ಪದರ ಹೋಯಿತು ಅಂತ ಲೆಕ್ಕ. 600 ದಾಟಬೇಡಿ, ನುಣುಪು ಹೆಚ್ಚಾದರೆ ಪ್ರೈಮರ್‌ಗೆ ಹಿಡಿತ ಇರುವುದಿಲ್ಲ.

ಪ್ಲಾಸ್ಟಿಕ್ ಪ್ರೈಮರ್ ಒಂದೇ ತೆಳು ಕೋಟು. ಅದರ ಮೇಲೆ ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಕಪ್ಪು ಪೇಂಟ್, ಅಲಿಫ್ಯಾಟಿಕ್ ಅಂತಲೇ ಕೇಳಿ ತನ್ನಿ. ಆರೊಮ್ಯಾಟಿಕ್ ಬಿಸಿಲಿಗೆ ಸೀಮೆಸುಣ್ಣವಾಗುತ್ತದೆ, ತಿರುಗಿ ಇದೇ ಕತೆ. ಗ್ಲಾಸ್ ಬೇಡ, ಸ್ಯಾಟಿನ್ ಸಾಕು. ಹೊಳೆಯುವ ಕಪ್ಪಿನಲ್ಲಿ ಮಧ್ಯಾಹ್ನ ಸೂರ್ಯ ಕಾಣುತ್ತಾನೆ, ಮೀಟರ್ ಕಾಣುವುದಿಲ್ಲ. ನಿಮ್ಮ ಬೋರ್ಡ್ 0.134 ಚದರ ಮೀಟರ್. ಒಣಗಿದ ಮೇಲೆ 50 ಮೈಕ್ರಾನ್ ಸಿಗಬೇಕಾದರೆ, ಪೇಂಟಿನ ಘನಾಂಶ 40% ಅಂತಿಟ್ಟುಕೊಂಡರೆ, 17 ಮಿ.ಲೀ. ಬೇಕು. ಅರ್ಧ ಗಾಳಿಗೆ ಹೋದರೂ 35. ಒಂದು ಲೀಟರ್ ಡಬ್ಬಿ ತರಬೇಡಿ, ಗ್ಯಾರೇಜಿನಲ್ಲಿ 100 ಮಿ.ಲೀ. ಬಿಡಿಯಾಗಿ ಬೆರೆಸಿಕೊಡುತ್ತಾರೆ.

ಉಪ್ಪುಗಾಳಿ · ಜೂನ್ 12

ಎಲ್ಲ ಸರಿ. ಆದರೆ ಇದು ಜೂನ್. ಹೊರಗೆ ನೀರು ಹುಯ್ಯುತ್ತಿದೆ.

ಬಣ್ಣಬಂಗಾರ · ಜೂನ್ 12

ಹೇಳಬೇಕಾದ ಮಾತೇ ಅದು. ಕರಾವಳಿಯಲ್ಲಿ ಬಿಡುವು ಸಿಗುವುದೂ ಈ ಎರಡು ತಿಂಗಳು, ಬಣ್ಣ ಹೊಡೆಯಬಾರದ್ದೂ ಇದೇ ಎರಡು ತಿಂಗಳು. ಹೊಡೆಯುವ ಮೇಲ್ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಗಾಳಿ 27 ಡಿಗ್ರಿ, ತೇವಾಂಶ 90% ಇರುವ ದಿನ ಇಬ್ಬನಿ ಬಿಂದು 25ರ ಮೇಲೆಯೇ ಇರುತ್ತದೆ, ಅಂತರ ಎರಡೂ ಸಿಗುವುದಿಲ್ಲ. ಕಣ್ಣಿಗೆ ಕಾಣದ ನೀರಿನ ಪದರದ ಮೇಲೆ ಹೊಡೆದಂತಾಗಿ ಬಣ್ಣ ಬಿಳಿ ಮಬ್ಬಾಗುತ್ತದೆ. ಸಾಲದ್ದಕ್ಕೆ ಪಿಯು ಹಾರ್ಡ್‌ನರ್ ತೇವದ ಜತೆ ಸೇರಿ ಗ್ಯಾಸ್ ಬಿಡುತ್ತದೆ, ಸೂಜಿಮೊನೆಯಂಥ ತೂತು ಬೀಳುತ್ತವೆ.

ದಾರಿ ಎರಡು. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನ ಬೂತಿಗೆ ಬೋರ್ಡ್ ಕೊಡುವುದು. ತಿಕ್ಕಿ ತಯಾರು ಮಾಡಿ ಕೊಟ್ಟರೆ ಅವರಿಗೆ ಅರ್ಧ ಗಂಟೆಯ ಕೆಲಸ. ಇಲ್ಲವೇ ಹಿಂದಿನ ರಾತ್ರಿಯೆಲ್ಲ ಎಸಿ ಓಡಿದ ಕೋಣೆಯಲ್ಲಿ, ಎಸಿ ಆರಿಸಿ, ಬೋರ್ಡನ್ನು ಹೇರ್ ಡ್ರೈಯರ್‌ನಿಂದ 35 ಡಿಗ್ರಿಗೆ ಬೆಚ್ಚಗೆ ಮಾಡಿ ಫೋಮ್ ರೋಲರ್‌ನಲ್ಲಿ ಎಳೆಯುವುದು. ಕೋಟಿನ ನಡುವೆ 20 ನಿಮಿಷ. ಕೋಣೆ ಬೆಚ್ಚಗಾಗಲಿ ಅಂತ ಗ್ಯಾಸ್ ಒಲೆ ಹಚ್ಚುವವರಿದ್ದಾರೆ. ಗ್ಯಾಸ್ ಉರಿದರೆ ಹುಟ್ಟುವುದು ನೀರಾವಿ, ಜತೆಗೆ ಥಿನ್ನರ್ ಆವಿ ಇರುವ ಕೋಣೆ ಅದು.

ಪಿಯುವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಹಾರ್ಡ್‌ನರ್‌ನ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಕಾಳಿತೀರ · ಜೂನ್ 13

ಇಷ್ಟು ತಾಪತ್ರಯ ಯಾಕೆ? ಬಿರುಕು ಬಿಟ್ಟ ಬೋರ್ಡನ್ನೇ ಅಚ್ಚು ಮಾಡಿಕೊಂಡು ಹೊಸತು ಕತ್ತರಿಸಿ. ನಾಮಫಲಕ ಮಾಡುವ ಅಂಗಡಿಯಲ್ಲಿ ಸಿಗುವ ಎಸಿಪಿ (ಎರಡು ಅಲ್ಯುಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಹಾಳೆ), 4 ಮಿ.ಮೀ., ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೌಟರ್‌ನಲ್ಲಿ ಕತ್ತರಿಸಲು ಅರ್ಧ ಗಂಟೆ. ಕೇಳುವಾಗ ಪಿವಿಡಿಎಫ್ ಕೋಟಿಂಗ್ ಇರುವ ಹೊರಾಂಗಣದ ಹಾಳೆಯೇ ಬೇಕು ಅನ್ನಿ. ಅಂಗಡಿಯೊಳಗಿನ ಅಲಂಕಾರಕ್ಕೆ ಬರುವ ಪಾಲಿಯೆಸ್ಟರ್ ಕೋಟಿಂಗ್‌ನದು ಅಗ್ಗ, ಬಿಸಿಲಲ್ಲಿ ಬೇಗ ಮಂಕಾಗುತ್ತದೆ. ಎರಡೂ ನೋಡಲು ಒಂದೇ.

ಅಳತೆ ಇಷ್ಟು: 52 ಮಿ.ಮೀ. ಗೇಜ್‌ಗೆ 53ರ ತೂತು, 85ಕ್ಕೆ 86. ದೋಣಿಗಳಲ್ಲಿ ಬರುವ ಸಾಮಾನ್ಯ ರಾಕರ್ ಸ್ವಿಚ್‌ಗೆ 37 × 21. ಆದರೂ ನಿಮ್ಮ ಸ್ವಿಚ್ಚನ್ನು ಅಂಗಡಿಗೇ ಒಯ್ದು ಕ್ಯಾಲಿಪರ್ ಹಿಡಿಸಿ, ಅರ್ಧ ಮಿಲಿಮೀಟರ್ ದೊಡ್ಡದಾದರೂ ಕ್ಲಿಪ್ ಹಿಡಿಯದೆ ಸ್ವಿಚ್ ಒಳಗೆ ಬೀಳುತ್ತದೆ. ಕತ್ತರಿಸಿದ ಅಂಚಿನಲ್ಲಿ ಅಲ್ಯುಮಿನಿಯಂ ಬೆತ್ತಲೆ ಇರುತ್ತದೆ, ಉಪ್ಪು ಅಲ್ಲಿಂದಲೇ ಒಳಗೆ ತಿನ್ನುವುದು. ಅಂಚಿಗೆಲ್ಲ ಎಪಾಕ್ಸಿ ಸವರಿ, ಸ್ಟೀಲ್ ಸ್ಕ್ರೂ ಅಡಿಗೆ ನೈಲಾನ್ ವಾಷರ್ ಹಾಕಿ.

ಫೋಮ್ ಹಾಳೆ ಅಗ್ಗಕ್ಕೆ ಸಿಗುತ್ತದೆ ಅಂತ ಪಿವಿಸಿ ಕೊಟ್ಟು ಲೇಸರ್‌ನಲ್ಲಿ ಕತ್ತರಿಸಿ ಅನ್ನಬೇಡಿ. ಪಿವಿಸಿ ಸುಟ್ಟರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ. ಮಷಿನೂ ಹಾಳು, ಹುಡುಗರ ಎದೆಯೂ ಹಾಳು.

ಬಣ್ಣಬಂಗಾರ · ಜೂನ್ 13

ಎಸಿಪಿಗೆ ನನ್ನ ತಕರಾರಿಲ್ಲ. ಆದರೆ ಬಿರುಕು ಯಾಕೆ ಬಂತು ಅಂತ ನೋಡದೆ ಹೊಸ ಬೋರ್ಡ್ ಕೂರಿಸಿದರೂ ಅದೇ ಗತಿ. ಕಪ್ಪು ಬೋರ್ಡ್ ಮುಂಜಾನೆ 25 ಡಿಗ್ರಿ, ಬಿಸಿಲೇರಿದಾಗ 65. ಎಬಿಎಸ್ ಆಗಲಿ ಅಕ್ರಿಲಿಕ್ ಆಗಲಿ, 560 ಮಿ.ಮೀ. ಉದ್ದಕ್ಕೆ ಈ 40 ಡಿಗ್ರಿಯಲ್ಲಿ ಒಂದೂವರೆ ಮಿಲಿಮೀಟರ್‌ಗೂ ಹೆಚ್ಚು ಬೆಳೆಯುತ್ತದೆ. 4 ಮಿ.ಮೀ. ಸ್ಕ್ರೂಗೆ 4ರದೇ ತೂತು ಕೊಟ್ಟು ತೂತಿನೊಳಗೆ ಇಳಿದು ಕೂರುವ ಕೌಂಟರ್‌ಸಂಕ್ ತಲೆ ಬಿಗಿದರೆ ಬೆಳೆಯಲು ಜಾಗವೆಲ್ಲಿ? ಮೂಲೆ ಸೀಳುತ್ತದೆ. ತೂತು 5.5 ಇರಲಿ, ತಲೆಯ ಅಡಿ ಚಪ್ಪಟೆ ಇರುವ ಪ್ಯಾನ್‌ಹೆಡ್ ಸ್ಕ್ರೂ, ಅಡಿಗೆ ವಾಷರ್, ಕೈಬಿಗಿ ಮಾತ್ರ.

ತಂತಿಪೆಟ್ಟಿಗೆ · ಜೂನ್ 14

ಮುಖದ ಬಗ್ಗೆ ಇಷ್ಟು ಮಾತಾಯಿತು, ಬೆನ್ನನ್ನು ಯಾರಾದರೂ ನೋಡಿದಿರಾ? ಬೋರ್ಡ್ ಹೊರಗಿರುವಾಗಲೇ ವೈರಿಂಗ್ ಮುಗಿಸಬೇಕು. ಬ್ಯಾಟರಿ ನೆಗೆಟಿವ್ ಕಳಚದೆ ಒಂದು ನಟ್ಟನ್ನೂ ಮುಟ್ಟಬೇಡಿ. ಪೆಟ್ರೋಲ್ ಟ್ಯಾಂಕ್ ಡೆಕ್ ಅಡಿಯಲ್ಲೇ ಇದ್ದರೆ ಹ್ಯಾಚ್ ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಕೆಲಸ.

ವೈರಿನ ಬಣ್ಣ ನಂಬಿ ಬಿಚ್ಚಬೇಡಿ. ಹೊರದೇಶದ ದೋಣಿ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ಗುಲಾಬಿ ಪೆಟ್ರೋಲ್ ಸೆಂಡರ್‌ಗೆ (ಟ್ಯಾಂಕಿನಲ್ಲಿ ಮಟ್ಟ ಅಳೆಯುವ ಭಾಗ), ನೇರಳೆ ಕೀ ಪಾಸಿಟಿವ್‌ಗೆ (ಕೀ ತಿರುಗಿಸಿದಾಗ ಕರೆಂಟ್ ಬರುವ ವೈರ್), ಬೂದು ಆರ್‌ಪಿಎಂಗೆ, ಕಡುನೀಲಿ ಮೀಟರ್ ದೀಪಕ್ಕೆ. ಆದರೆ ನಮ್ಮಲ್ಲಿ ಒಂದು ಸಲ ಕೈಯಾಡಿಸಿದ ಬೋರ್ಡಿನಲ್ಲಿ ಕೆಂಪು ಎಲ್ಲಿಗೂ ಹೋಗಿರಬಹುದು. ಪ್ರತಿ ವೈರಿಗೆ ಟೇಪಿನ ಬಾವುಟ ಸುತ್ತಿ ನಂಬರ್ ಬರೆಯಿರಿ, ಫೋಟೋ ಹೊಡೆಯಿರಿ, ಆಮೇಲೆ ಬಿಚ್ಚಿ.

ಟರ್ಮಿನಲ್ ಹತ್ತಿರ ವೈರಿನ ಪ್ಲಾಸ್ಟಿಕ್ ಸುಲಿದು ನೋಡಿ. ತಾಮ್ರ ಕೆಂಪಗಿದ್ದರೆ ಸರಿ. ಕಪ್ಪಾಗಿದ್ದರೆ, ಹಸಿರು ಕಿಲುಬು ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಕತ್ತರಿಸಿ. ಉಪ್ಪುನೀರು ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ, 10 ಸೆಂ.ಮೀ. ಹಿಂದೆಯೂ ಕಪ್ಪಿದ್ದರೆ ಆ ವೈರನ್ನೇ ಎಸೆಯಿರಿ. ಹೊಸದು ತವರ ಲೇಪದ ತಾಮ್ರದ್ದೇ ಆಗಲಿ, ಮೀಟರ್‌ಗಳಿಗೆ 1 ಚದರ ಮಿ.ಮೀ. ಧಾರಾಳ ಸಾಕು. ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿರುವ ಹೀಟ್‌ಶ್ರಿಂಕ್ (ಬಿಸಿಗೆ ಬಿಗಿದು ಕೂರುವ ಕೊಳವೆ) ಹಾಕಿ. ಬರೀ ಬೆಸುಗೆ ಬೇಡ. ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಸೆಟೆದು, ಅಲೆಯ ಹೊಡೆತಕ್ಕೆ ಅಲ್ಲಿಯೇ ತುಂಡಾಗುತ್ತದೆ.

ಸೀಲ್ ಮಾಡಲು ಸಿಲಿಕೋನ್ ತರುವವರಿಗೆ: ಟ್ಯೂಬ್ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್ ಜಾತಿ, ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಕೇಳಿ.

ಕೊನೆಗೆ ಕೀ ಹಾಕಿ ಬ್ಯಾಟರಿ ಮೇಲೆ ಒಮ್ಮೆ, ಗೇಜಿನ ಐ (ಕೀ ಪಾಸಿಟಿವ್) ಮತ್ತು ಜಿ (ನೆಗೆಟಿವ್) ಟರ್ಮಿನಲ್ ನಡುವೆ ಒಮ್ಮೆ ಮಲ್ಟಿಮೀಟರ್ ಹಿಡಿಯಿರಿ. ವ್ಯತ್ಯಾಸ 0.4 ವೋಲ್ಟ್ ದಾಟಬಾರದು. ದಾಟಿದರೆ ಹತ್ತಕ್ಕೆ ಎಂಟು ಸಲ ಕಳ್ಳ ಎಲ್ಲ ಗೇಜಿಗೂ ಒಂದೇ ಆದ ಕಾಮನ್ ನೆಗೆಟಿವ್ ವೈರ್.

ಅಳಿವೆಬಾಗಿಲು · ಜೂನ್ 20

ವೈರಿಂಗ್ ಆಯಿತು. 14ರಲ್ಲಿ 9 ವೈರ್ ಒಳಗೆ ಕಪ್ಪು. ಬೋರ್ಡ್ ಹಳೆಯದೇ, ಬಿರುಕು ತುಂಬಿ ತಿಕ್ಕಿ ಬೂತಿಗೆ ಕೊಟ್ಟಿದೆ. ಇನ್ನು ಸ್ವಿಚ್‌ಗಳ ಹೆಸರು. ಕನ್ನಡದಲ್ಲೇ ಬರಬೇಕು. ಸ್ಟಿಕರ್ ಬೇಡ ಅಂತ ಆಸೆ.

ಅಕ್ಷರಕೆತ್ತು · ಜೂನ್ 20

ಬೋರ್ಡಿನ ಮೇಲೆ ನೇರ ಬರೆಯಬೇಡಿ. ಎರಡು ಪದರದ ಅಕ್ರಿಲಿಕ್ ಹಾಳೆ ಬರುತ್ತದೆ, ಮೇಲೆ ಕಪ್ಪು, ಅಡಿಗೆ ಬಿಳಿ, 1.5 ಮಿ.ಮೀ. ಕಪ್ಪನ್ನು ಲೇಸರ್ ಕೆತ್ತಿದರೆ ಬಿಳಿ ಅಕ್ಷರ ಏಳುತ್ತದೆ, ಅಳಿಸುವ ಮಾತೇ ಇಲ್ಲ. ಹೊರಾಂಗಣದ ಅಕ್ರಿಲಿಕ್ ಅಂತ ಖಚಿತ ಮಾಡಿಕೊಳ್ಳಿ. ಅದೇ ಥರ ಕಾಣುವ ಎಬಿಎಸ್ ಹಾಳೆ ಕಚೇರಿ ಬಾಗಿಲಿಗೆ ಲಾಯಕ್ಕು, ಬಿಸಿಲಿಗಲ್ಲ. 300 × 14 ಮಿ.ಮೀ. ಪಟ್ಟಿ ಒಂದೇ, ಆರು ಹೆಸರೂ ಅದರಲ್ಲೇ. ಅಕ್ರಿಲಿಕ್ ಫೋಮ್‌ನ ಡಬಲ್ ಟೇಪ್‌ನಲ್ಲಿ ಅಂಟಿಸಿ, ಸ್ಕ್ರೂ ಬೇಡ. ಪಿಯು ಹೊಡೆದು ಒಂದು ವಾರ ಆದಮೇಲೆ.

ಕನ್ನಡ ಕೆತ್ತಿಸುವಾಗ ಎಡವಟ್ಟಾಗುವುದು ಫಾಂಟಿನಲ್ಲಿ. ಅಂಗಡಿಯ ಹಳೆ ಸಾಫ್ಟ್‌ವೇರ್‌ಗೆ ಯುನಿಕೋಡ್ ಕೊಟ್ಟರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬರುತ್ತದೆ. "ಪಂಪ್" ಹೋಗಿ ಕೊನೆಯ ಅಕ್ಷರ ಒಡೆದು ನಿಲ್ಲುತ್ತದೆ, "ಹಿನ್ನೀರು" ಓದುವ ಹಾಗೇ ಇರುವುದಿಲ್ಲ. ಇಂಕ್‌ಸ್ಕೇಪ್ ಅನ್ನುವ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಬರೆದು, ಅಕ್ಷರಗಳನ್ನು ಪಾತ್ (ಬರೀ ಗೆರೆ) ಮಾಡಿ, ಪಿಡಿಎಫ್ ಕೊಡಿ. ಆಗ ಅಂಗಡಿಯವರಿಗೆ ಅದು ಚಿತ್ರ, ಅಕ್ಷರ ಅಲ್ಲ, ಕೆಡಿಸಲು ಏನೂ ಉಳಿಯುವುದಿಲ್ಲ. ಅಕ್ಷರದ ಎತ್ತರ 5 ಮಿ.ಮೀ. ಬೇಕು, ಒತ್ತು ಬೇರೆ. ಇಂಗ್ಲಿಷ್‌ಗೆ 3 ಸಾಕಾಗುತ್ತದೆ ಅಂತ ಅದೇ ಅಳತೆ ಹಾಕಿದರೆ ನ, ಸ, ಮ ಎಲ್ಲ ಒಂದೇ ಉಂಡೆ.

ಪಟ್ಟಿಯನ್ನು ಥಿನ್ನರ್ ಅಥವಾ ಸ್ಪಿರಿಟ್‌ನಿಂದ ಒರೆಸಬೇಡಿ, ಅಕ್ರಿಲಿಕ್ ಜೇಡರಬಲೆಯ ಹಾಗೆ ಸೀಳುತ್ತದೆ. ಸೋಪುನೀರು ಮಾತ್ರ.

ಅಳಿವೆಬಾಗಿಲು · ಜೂನ್ 22

ಉಳಿದದ್ದು ಗೇಜ್. ಗಾಜು ಹಳದಿ, ಒಳಗೆ ಹಬೆ.

ಕಾಳಿತೀರ · ಜೂನ್ 22

ಹಳದಿ ತಿರುಗಿದ್ದರೆ ಅದು ಗಾಜಲ್ಲ, ಬಹುಶಃ ಪಾಲಿಕಾರ್ಬೊನೇಟ್. ಸುತ್ತಲ ರಿಂಗಿಗೆ ಟೇಪ್ ಹಚ್ಚಿ ವಾಟರ್ ಪೇಪರ್ 1000, 1500, 2000, 3000. ಪ್ರತಿ ನಂಬರಿಗೂ ತಿಕ್ಕುವ ದಿಕ್ಕು ಅಡ್ಡಕ್ಕೆ ಬದಲಿಸಿ, ಹಿಂದಿನ ಗೀರು ಹೋಯಿತೋ ಇಲ್ಲವೋ ಆಗ ತಿಳಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಪಾಲಿಶ್, ಹತ್ತಿ ಬಟ್ಟೆ, ಕೈಯಲ್ಲೇ. ಡ್ರಿಲ್‌ಗೆ ಬಫ್ ಸಿಕ್ಕಿಸಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಎಳೆಯುತ್ತದೆ. ಟೂತ್‌ಪೇಸ್ಟ್ ಸಲಹೆ ಎಲ್ಲ ಕಡೆ ಕಾಣುತ್ತದೆ. ಅದರೊಳಗಿನ ಪುಡಿ ಎಷ್ಟು ಒರಟು ಅಂತ ಟ್ಯೂಬಿನ ಮೇಲೆ ಬರೆದಿರುವುದಿಲ್ಲ. ತಿಕ್ಕಿದಾಗ ಬಿಸಿಲು ತಡೆಯುವ ಮೇಲಿನ ಲೇಪವೂ ಹೋಗಿರುತ್ತದೆ, ಹಾಗಾಗಿ ಇನ್ನು ಮುಂದೆ ಹೊದಿಕೆ ಇಲ್ಲದೆ ಬಿಡುವ ಹಾಗಿಲ್ಲ. ಗಾಳಿಯಾಡುವ ಕ್ಯಾನ್ವಾಸ್ ಹೊಲಿಸಿ. ಪ್ಲಾಸ್ಟಿಕ್ ತಾಡಪಾಲು ಬಿಗಿದರೆ ಅಡಿಯಲ್ಲಿ ಇಡ್ಲಿ ಬೇಯುತ್ತದೆ.

ಹಬೆಗೆ: ಕೆಲವು ಗೇಜಿನ ಅಡಿಭಾಗದಲ್ಲಿ ಸಣ್ಣ ಉಸಿರುತೂತು ಇರುತ್ತದೆ. ಉಪ್ಪು ಕಟ್ಟಿದ್ದರೆ ಸೂಜಿಯಿಂದ ಬಿಡಿಸಿ, ಸಿಲಿಕೋನ್ ತುಂಬಬೇಡಿ. 100 ಗ್ರಾಂ ಸಿಲಿಕಾ ಜೆಲ್ ಜತೆ ಗಾಳಿಯಾಡದ ಡಬ್ಬಿಯಲ್ಲಿ ಮೂರು ದಿನ ಇಡಿ. ಓವನ್ ಬೇಡ.

ಮುಳ್ಳಿನ ಬಣ್ಣ ಹೋಗಿದ್ದು ಸಹಜ, ಆ ಮಿಂಚು ಕಿತ್ತಳೆ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಸಾಯುತ್ತದೆ. ಮುಚ್ಚಿದ ರಿಂಗ್ ಬಿಡಿಸಿ ಬಣ್ಣ ಹಚ್ಚಬಹುದು, ಆದರೆ ಆ ರಿಂಗ್ ಮತ್ತೆ ನೀರು ತಡೆಯುವ ಹಾಗೆ ಕೂರುವುದು ಅಪರೂಪ. ಜತೆಗೆ ಒಂದು ಹನಿ ದಪ್ಪಗಾದರೂ ಮುಳ್ಳಿನ ತೂಕ ತಪ್ಪಿ ರೀಡಿಂಗ್ ವಾಲುತ್ತದೆ. ಬಿಳಿ ಮುಳ್ಳು ಕಪ್ಪು ಡಯಲ್ ಮೇಲೆ ಚೆನ್ನಾಗೇ ಕಾಣುತ್ತದಲ್ಲ, ಬಿಡಿ. ತೀರಾ ಹಾಳಾದ ಗೇಜ್ ಇದ್ದರೆ ಬದಲಿಸಿ.

ಅಳಿವೆಬಾಗಿಲು · ಜುಲೈ 6

ಕೂರಿಸಿ ಆಯಿತು. ನಾಲ್ಕು ಗೇಜ್ ಹಳೆಯವೇ, ಪೆಟ್ರೋಲ್ ಗೇಜ್ ಮಾತ್ರ ಹೊಸದು. ಎರಡು ತೊಂದರೆ. ಎಂಜಿನ್ನಿನ ನೀರು ಸೆಳೆಯುವ ಕಿಂಡಿಗೆ ನೀರಿನ ಪೈಪ್ ಹಚ್ಚಿ ಸ್ಟಾರ್ಟ್ ಮಾಡಿದರೆ ಐಡಲ್‌ನಲ್ಲಿ ಆರ್‌ಪಿಎಂ 1350 ತೋರಿಸುತ್ತದೆ, ಮೊದಲು 900 ಇರುತ್ತಿತ್ತು. ಎಂಜಿನ್ ಸದ್ದು ಮೊದಲಿನದೇ. ಟ್ಯಾಂಕ್ ತುಂಬಿದೆ, ಪೆಟ್ರೋಲ್ ಗೇಜ್ ಮಾತ್ರ ಖಾಲಿಯ ಹತ್ತಿರ.

ತಂತಿಪೆಟ್ಟಿಗೆ · ಜುಲೈ 6

1350ನ್ನು 900ರಿಂದ ಭಾಗಿಸಿ, ಒಂದೂವರೆ. ಆರ್‌ಪಿಎಂ ಮೀಟರಿನ ಬೆನ್ನಲ್ಲಿ 4ಪಿ, 5ಪಿ, 6ಪಿ ಅಂತ ತಿರುಗಿಸುವ ಗುಂಡಿ ಇದೆ, ಸುತ್ತಿಗೆ ಎಷ್ಟು ಮಿಡಿತ ಅಂತ ಹೇಳುವುದು. ಅದು 6ರಿಂದ 4ಕ್ಕೆ ಹೋಗಿದೆ, ಒರೆಸುವಾಗ ತಿರುಗಿರಬೇಕು. ಎಂಜಿನ್ನಿನ 12 ಪೋಲ್ ಕಾಯಿಲ್ ಸುತ್ತಿಗೆ ಆರು ಮಿಡಿತ ಕೊಡುತ್ತದೆ, ಮೀಟರ್ ನಾಲ್ಕಕ್ಕೇ ಒಂದು ಸುತ್ತು ಅಂತ ಎಣಿಸುತ್ತಿದೆ. ಕೀ ಆಫ್ ಮಾಡಿ, ಗುಂಡಿಯನ್ನು ಎರಡು ಮೂರು ಸಲ ಆಚೀಚೆ ತಿರುಗಿಸಿ ಕಾಂಟ್ಯಾಕ್ಟ್ ಉಜ್ಜಿಕೊಳ್ಳಲಿ, ಆಮೇಲೆ 6ಪಿಗೆ ಬಿಡಿ.

ಪೆಟ್ರೋಲ್ ಗೇಜಿನದು ಗಂಭೀರ. ಸೆಂಡರ್‌ಗಳಲ್ಲಿ ಎರಡು ಜಾತಿ. ಅಮೆರಿಕದ ಪದ್ಧತಿಯದು ಖಾಲಿಗೆ 240 ಓಮ್, ತುಂಬಿದಾಗ 33. ಯುರೋಪಿನದು ಖಾಲಿಗೆ 10, ತುಂಬಿದಾಗ 180. ಗೇಜಿನ ಎಸ್ ಟರ್ಮಿನಲ್‌ನಿಂದ ಗುಲಾಬಿ ವೈರ್ ಕಳಚಿ, ಕೀ ಆಫ್ ಇಟ್ಟು, ಆ ವೈರಿಗೂ ನೆಗೆಟಿವ್‌ಗೂ ನಡುವೆ ಓಮ್ ಅಳೆಯಿರಿ. ಬೋರ್ಡಿನ ಹತ್ತಿರವೇ ಅಳೆಯಿರಿ, ಟ್ಯಾಂಕಿನ ಮೇಲಲ್ಲ.

ಅಳಿವೆಬಾಗಿಲು · ಜುಲೈ 7

ಆರ್‌ಪಿಎಂ 900ಕ್ಕೆ ಬಂತು. ಓಮ್ 36.

ತಂತಿಪೆಟ್ಟಿಗೆ · ಜುಲೈ 7

ಸೆಂಡರ್ 240-33, ಅಂಗಡಿಯವರು ಕೊಟ್ಟ ಗೇಜ್ 10-180. ಹೊಂದಿಸಿಕೊಂಡು ಓಡಿಸಿದರಾಯಿತು ಅನ್ನಬೇಡಿ. ಇದರಲ್ಲಿ ಟ್ಯಾಂಕ್ ಬರಿದಾದಂತೆ ಮುಳ್ಳು ಮೇಲೇರುತ್ತದೆ, ಪೂರ್ತಿ ಖಾಲಿಯಾದಾಗ ಫುಲ್ ದಾಟಿ ನಿಲ್ಲುತ್ತದೆ. ವೈರ್ ಸೆಂಡರ್ ಕಡೆ ತುಂಡಾದರೂ ಫುಲ್ಲೇ. ವಾಪಸ್ ಕೊಟ್ಟು, ಬೆನ್ನ ಮೇಲೆ 240-33 ಅಂತ ಅಚ್ಚಾಗಿರುವುದನ್ನು ತನ್ನಿ. ತೂತು ಅದೇ 53.

ಅಳಿವೆಬಾಗಿಲು · ಜುಲೈ 11

ಬದಲಿಸಿ ಆಯಿತು. ಗುಲಾಬಿ ವೈರ್ ಕಳಚಿದರೆ ಖಾಲಿ, ಎಸ್ ಅನ್ನು ಜಿಗೆ ಮುಟ್ಟಿಸಿದರೆ ಫುಲ್, ಸೇರಿಸಿದರೆ ಫುಲ್ ಗೆರೆಗಿಂತ ಕೂದಲಷ್ಟು ಕೆಳಗೆ.